ಮೂರನೆಯ ಪೆಡಲ್

"ಮೂರು ಯಾಕಪ್ಪ ಇದಾವೆ?"

ಮಾವ ಮನ್ಸೂರ್ ಕೇಳಿದ್ದು ಇಷ್ಟೇ. ದನಿಯಲ್ಲಿ ಸಿಟ್ಟಿರಲಿಲ್ಲ. ಆದರೂ ಗುಜರಿ ಅಂಗಡಿಯಿಂದ ತಂದ ಚೀಲವನ್ನು ಪೋರ್ಚಿನ ನೆಲದ ಮೇಲೆ ಸುರಿದುಕೊಂಡು ಕುಳಿತಿದ್ದ ಶಹ್ರಿಲ್‌ನ ಕೈ ಪೆಡಲ್‌ಗಳನ್ನು ಚೀಲದಡಿಗೆ ಸರಿಸಲು ನೋಡಿತು. ಆಕ್ಸಿಲರೇಟರ್, ಬ್ರೇಕ್, ಅದರ ಪಕ್ಕದಲ್ಲಿ ಕ್ಲಚ್. ಮಾವನ ಹಳೆಯ ಆಟೋಮ್ಯಾಟಿಕ್ ಕಾರಿಗೆ ಇದ್ದದ್ದು ಎರಡೇ ಪೆಡಲ್. ಮಾವನಿಗೆ ಇದ್ದದ್ದು ಒಂದೇ ಕಾಲು. ಸಕ್ಕರೆ ಕಾಯಿಲೆ ಅವರ ಎಡಗಾಲನ್ನು ಮೊಣಕಾಲಿನ ಮೇಲಿನವರೆಗೂ ತಿಂದುಹಾಕಿತ್ತು.

"ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎಲ್ಲೂ ಸಿಗಲಿಲ್ಲ ಅಪ್ಪಾ. ಸಿಕ್ಕಿದ್ದು ಇದೇ," ಎಂದ ಶಹ್ರಿಲ್, ತಲೆ ಎತ್ತದೆ.

ಸುಳ್ಳು. ಗುಜರಿ ಅಂಗಡಿಯ ಚೀನೀ ಮುದುಕ ಎರಡನ್ನೂ ಮುಂದಿಟ್ಟು, ಯಾವುದು ಬೇಕು ಎಂದು ಕೇಳಿದ್ದ. ಮನ್ಸೂರ್ ಊರುಗೋಲಿನ ಮೇಲೆ ಭಾರ ಬಿಟ್ಟು ಸ್ವಲ್ಪ ಹೊತ್ತು ಆ ಪೆಡಲ್‌ಗಳನ್ನೇ ನೋಡಿದರು. ಆಮೇಲೆ ಪ್ಲಾಸ್ಟಿಕ್ ಕುರ್ಚಿಯನ್ನು ಕಾರಿನ ಹತ್ತಿರಕ್ಕೆ ಎಳೆದುಕೊಂಡು ಕುಳಿತು, "ಸರಿ, ಶುರು ಮಾಡು. ಸ್ಪ್ಯಾನರ್ ನಾನು ಕೊಡ್ತೀನಿ," ಎಂದರು. ಕಬ್ಬಿಣದ ಜಾಲರಿ ಬಾಗಿಲಿನ ಹಿಂದೆ ನಿಂತಿದ್ದ ಅತ್ತೆ ಕಲ್ಸೋಮ್ ಸದ್ದಿಲ್ಲದೆ ಒಳಗೆ ಸರಿದುಹೋದಳು.

ಇದೆಲ್ಲ ಅವಳ ಹಟ. ಮನ್ಸೂರ್ ಬದುಕಿಡೀ ಪಾರಿತ್ ಬುಂತಾರ್‌ನಿಂದ ಬಟರ್‌ವರ್ತ್‌ಗೆ ಬಸ್ಸು ಓಡಿಸಿದ್ದವರು. ಕಾಲು ಹೋದ ಮೇಲೆ ಇನ್ನು ಮನುಷ್ಯ ಮೂಲೆ ಹಿಡಿದ ಎಂದೇ ಊರೆಲ್ಲ ಅಂದುಕೊಂಡಿತ್ತು. ಅವರು ಮಾತ್ರ ಒಂದು ಹಳೆಯ ಆಟೋಮ್ಯಾಟಿಕ್ ಕಾರು ಕೊಂಡು, ಬಲಗಾಲೊಂದರಲ್ಲೇ ಅದನ್ನು ಓಡಿಸಿಕೊಂಡು ಮಸೀದಿಗೆ ಹೋದರು, ಚಹಾದಂಗಡಿಗೆ ಹೋದರು, ಸಂಜೆಯಾದರೆ ಕುವಾಲಾ ಕುರಾವ್‌ನ ದೋಣಿಕಟ್ಟೆಗೆ ಗಾಳ ಹಿಡಿದು ಹೊರಟರು. ಮನೆಯೊಳಗೆ ಊರುಗೋಲಿಲ್ಲದೆ ಒಂದು ಲೋಟ ನೀರಿಗೂ ಅವರು ಯಾರನ್ನಾದರೂ ಕರೆಯಬೇಕಿತ್ತು. ಸ್ಟೀರಿಂಗ್ ಹಿಂದೆ ಕುಳಿತಾಗ ಮಾತ್ರ ಅವರು ಯಾರ ಹಂಗಿನಲ್ಲೂ ಇರಲಿಲ್ಲ.

ಹೋದ ರಂಜಾನಿನಲ್ಲಿ ಡಾಕ್ಟರು ಬೇಡವೆಂದರೂ ಉಪವಾಸ ಹಿಡಿದಿದ್ದರು. ಒಂದು ಸಂಜೆ ಉಪವಾಸ ಬಿಡಲು ತಿಂಡಿ ಕೊಂಡು, ಕಲ್ಸೋಮ್‌ಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಗದ್ದೆಯ ದಾರಿಯಲ್ಲಿ ಬರುತ್ತಿದ್ದಾಗ ಸಕ್ಕರೆ ಇಳಿದು ಅವರ ಕಣ್ಣು ಮುಚ್ಚಿತು. ಕಾರು ನಿಂತಾಗ ಮುಂದಿನ ಒಂದು ಚಕ್ರ ನೀರಾವರಿ ಕಾಲುವೆಯ ಮೇಲೆ ಗಾಳಿಯಲ್ಲಿ ತಿರುಗುತ್ತಿತ್ತು. ಗದ್ದೆಯವರು ಬಂದು ಎಳೆದರು. ಯಾರಿಗೂ ಏನೂ ಆಗಲಿಲ್ಲ. ಮನ್ಸೂರ್ ಅದನ್ನು ನಗೆಯಾಡಿ ಮರೆತರು. ಕಲ್ಸೋಮ್ ಮರೆಯಲಿಲ್ಲ.

ಹಾಗಿರುವಾಗ ಗೇರ್‌ಬಾಕ್ಸ್ ತಾನಾಗಿ ಕೈಕೊಟ್ಟಿತು. ಶಹ್ರಿಲ್ ಕೈಗವಸು ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುವವನು. ಮನೆಯಲ್ಲೇ ಕೂಡಿಸುತ್ತೇನೆ ಎಂದಿದ್ದ. ಆ ರಾತ್ರಿ ಕಲ್ಸೋಮ್ ಅವನನ್ನು ಅಡುಗೆಮನೆಗೆ ಕರೆದಳು.

"ಹಳೇ ತರದ್ದು ಹಾಕ್ಬೇಡ. ಕ್ಲಚ್ ಇರೋದು ಹಾಕು."

"ಅಪ್ಪನಿಗೆ ಓಡಿಸೋಕಾಗಲ್ವಲ್ಲಮ್ಮಾ?"

"ಅದಕ್ಕೇ ಹೇಳ್ತಿರೋದು."

"ನೀವೇ ಅವರಿಗೆ ಹೇಳಿ ನೋಡಿ."

"ಹೇಳಿಲ್ಲ ಅಂದ್ಕೊಂಡ್ಯಾ? ಇನ್ನೊಂದು ಕಾಲೂ ಕತ್ತರಿಸಿಬಿಡು ಅಂದ್ರು." ಅವಳು ತೊಳೆಯುತ್ತಿದ್ದ ತಟ್ಟೆಯನ್ನು ಕುಕ್ಕಿದಳು. "ಮದುವೆಯಾದಾಗಿಂದ ಈ ಮನೇಲಿ ಉಂಡು ಮಲಗ್ತಿದೀಯ. ನಾನು ನಿನ್ನ ಏನಾದ್ರೂ ಕೇಳಿದೀನಾ? ಇದೊಂದು ಕೇಳ್ತಿದೀನಿ. ಆಗಲ್ಲ ಅಂದ್ರೆ ಗಂಡ ಹೆಂಡ್ತಿ ಬೇರೆ ಮನೆ ನೋಡ್ಕೊಳ್ಳಿ."

ಶಹ್ರಿಲ್ ತೊಳೆದ ತಟ್ಟೆಯನ್ನು ಎತ್ತಿ ಕಪಾಟಿನಲ್ಲಿಟ್ಟ. ಸರಿ ಎಂದ.

ಅಲ್ಲಿಂದ ಶುರುವಾಯಿತು ಅವನ ಪಾಡು. ರಜೆಯ ದಿನವೆಲ್ಲ ಕಾರಿನ ಕೆಳಗೆ. ಒಂದು ಬೋಲ್ಟ್ ಬಿಚ್ಚಿದರೆ ಇನ್ನೊಂದು ಮುರಿಯುತ್ತಿತ್ತು. ಕ್ಲಚ್ ಕೇಬಲ್ ತಂದರೆ ಗಿಡ್ಡ. ಬದಲಾಯಿಸಿ ತಂದರೆ ಅದರ ತುದಿಯ ಕೊಕ್ಕೆ ಬೇರೆ. ಹಳೆಯ ಗೇರ್‌ಬಾಕ್ಸ್ ಇಳಿಸುವಾಗ ಎಣ್ಣೆಯೆಲ್ಲ ಮುಖದ ಮೇಲೆ ಸುರಿಯಿತು. ಇಷ್ಟರ ನಡುವೆ ಮಾವ ಕುರ್ಚಿಯಲ್ಲಿ ಕುಳಿತು ಕೇಳಿದ ಸ್ಪ್ಯಾನರ್ ಕೇಳಿದ ಹಾಗೆ ಕೈಗೆ ಕೊಡುತ್ತಿದ್ದರು, ಕಾರಿನ ಕೆಳಗೆ ದೀಪ ಹಿಡಿಯುತ್ತಿದ್ದರು. ಅವರು ಬೈದಿದ್ದರೆ, ಕುರ್ಚಿ ಎತ್ತಿ ಒಗೆದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ತಮ್ಮನ್ನೇ ಕಟ್ಟಿಹಾಕುವ ಹಗ್ಗವನ್ನು ತಾವೇ ಹೊಸೆದು ಕೊಡುತ್ತಿರುವಂತೆ ಆ ಮುದುಕ ಕುಳಿತಿರುವುದನ್ನು ನೋಡಿದಾಗೆಲ್ಲ ಕೈಯಲ್ಲಿದ್ದುದನ್ನು ರಸ್ತೆಗೆಸೆದು ಓಡಿಹೋಗಬೇಕೆನಿಸುತ್ತಿತ್ತು...

"ಏನು, ಈ ಕಾರು ನನ್ನ ಮೊಮ್ಮಕ್ಕಳ ಮದುವೆಗಾದ್ರೂ ಓಡತ್ತಾ?" ಎಂದು ಬಟ್ಟೆ ಒಣಹಾಕುತ್ತ ಕಲ್ಸೋಮ್ ಚುಚ್ಚಿದಳು. "ಮೊದಲು ಮೊಮ್ಮಕ್ಕಳಾಗ್ಬೇಕಲ್ಲ. ಅದಕ್ಕೂ ನಿನಗೆ ಪುರುಸೊತ್ತಿಲ್ಲ."

ಶಹ್ರಿಲ್ ಹಲ್ಲು ಕಚ್ಚಿ ಬೋಲ್ಟ್ ತಿರುಗಿಸಿದ. ಸ್ಪ್ಯಾನರ್ ಜಾರಿ ಬೆರಳಿನ ಚರ್ಮ ಕಿತ್ತುಬಂತು.

ಹೆಂಡತಿ ಸಲ್ವಾನಿ ಪೆನಾಂಗಿನಲ್ಲಿ ತರಬೇತಿಯಲ್ಲಿದ್ದವಳು, ತಿಂಗಳು ಕಳೆದು ಮನೆಗೆ ಬಂದಳು. ಕಾರಿನ ಬಾಗಿಲು ತೆಗೆದು ಒಳಗೆ ಬಗ್ಗಿ ನೋಡಿದಳು. ಮಲಗುವ ಕೋಣೆಯ ಬಾಗಿಲು ಹಾಕಿದ ಮೇಲೆ ಮಾತು ಬಂತು.

"ಅದು ಏನ್ರೀ ಅಲ್ಲಿ ಹಾಕಿರೋದು?"

"ಕ್ಲಚ್ಚು."

"ಅಪ್ಪ ಅದನ್ನ ಯಾವ ಕಾಲಲ್ಲಿ ಒತ್ತಬೇಕು?"

ಅವನು ಗಾಯದ ಬೆರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚತೊಡಗಿದ.

"ಆಸ್ಪತ್ರೇಲಿ ಕಾಲು ತೆಗೆದಾಗ ಅಪ್ಪ ಒಂದು ಹನಿ ಕಣ್ಣೀರು ಹಾಕ್ಲಿಲ್ಲ. ಆ ಕಾರಿನ ಕೀಲಿ ಕೈಗೆ ಬಂದ ದಿನ ಮಗು ಹಾಗೆ ಅತ್ರು. ನಿಮಗೆ ಗೊತ್ತಿತ್ತಲ್ಲ ಅದು? ಗೊತ್ತಿದ್ದೂ..."

"ನಿಮ್ಮಮ್ಮನ್ನ ಕೇಳು."

"ಅಮ್ಮ ಹೇಳಿದ್ರೆ ನಿಮ್ಮ ಬುದ್ಧಿ ಎಲ್ಲಿಗೆ ಹೋಗಿತ್ತು? ಒಂದು ಮಾತು, ಆಗಲ್ಲ ಅಂತ ಒಂದೇ ಒಂದು ಮಾತು ಹೇಳೋಕೆ ಬಾಯಿರಲಿಲ್ವಾ?"

"ಬೇರೆ ಮನೆ ನೋಡ್ಕೋ ಅಂದ್ರು ಸಲ್ವಾನಿ. ಎಲ್ಲಿ ನೋಡ್ಲಿ? ನಿನ್ನಪ್ಪನ ಮೊಂಡುಗಾಲಿನ ಗಾಯಕ್ಕೆ ದಿನಾ ಪಟ್ಟಿ ಕಟ್ಟೋನು ಯಾರು? ಬಚ್ಚಲಲ್ಲಿ ಜಾರದ ಹಾಗೆ ಅವರನ್ನ ಹಿಡ್ಕೊಳ್ಳೋನು ಯಾರು? ನಾನು ಹೋದ್ರೆ ಅವರ ಗತಿ ಏನು?"

ಸಲ್ವಾನಿ ದಿಂಬು ಎತ್ತಿಕೊಂಡು ಹೊರಕೋಣೆಗೆ ಹೋದಳು. ಮರುದಿನದಿಂದ ಊಟ ಬಡಿಸಿದಳು, ಬಟ್ಟೆ ಒಗೆದಳು, ಮಾತು ಮಾತ್ರ ಆಡಲಿಲ್ಲ.

ಆ ಭಾನುವಾರ ಗುಜರಿಯಿಂದ ತಂದ ಗೇರ್‌ಬಾಕ್ಸ್ ಕೂಡಿಸುವುದಿತ್ತು. ಅದರ ಮುಂದಿನ ಕಡ್ಡಿ ಕ್ಲಚ್ಚಿನ ನಡುವಿನ ತೂತಿಗೆ ನೇರವಾಗಿ ಹೋಗಿ ಕೂರಬೇಕು. ಕೂದಲೆಳೆಯಷ್ಟು ಓರೆಯಾದರೂ ಹೋಗುವುದಿಲ್ಲ. ಶಹ್ರಿಲ್ ಜಾಕ್ ಮೇಲೆ ಅದನ್ನು ಏರಿಸಿ ಬೆಳಗಿನಿಂದ ತಳ್ಳಿದ, ಅಲ್ಲಾಡಿಸಿದ, ಇಳಿಸಿ ಮತ್ತೆ ಏರಿಸಿದ. ಮೇಲೆ ಹಿಡಿದರೆ ಕೆಳಗೆ ತಳ್ಳುವವರಿಲ್ಲ, ಕೆಳಗೆ ತಳ್ಳಿದರೆ ಮೇಲೆ ಹಿಡಿಯುವವರಿಲ್ಲ. ಬಿಸಿಲು ಏರಿತು. ಕೊನೆಗೆ ಅವನು ಕಾರಿನ ಕೆಳಗಿನಿಂದ ತೆವಳಿ ಬಂದು, ಸ್ಪ್ಯಾನರನ್ನು ಗೇಟಿಗೆ ಬೀಸಿ ಒಗೆದು ನೆಲದ ಮೇಲೆ ಕುಕ್ಕರಿಸಿದ. ಹೆಗಲು ಅಲುಗತೊಡಗಿತು.

"ನನ್ನ ಕೈಲಾಗಲ್ಲ ಅಪ್ಪಾ. ನಿಮಗೆ ಸುಳ್ಳು ಹೇಳಿದೆ. ಆಟೋಮ್ಯಾಟಿಕ್ ಸಿಕ್ಕಿತ್ತು. ಅಮ್ಮ ಬೇಡ ಅಂದ್ರು, ನಾನು ತರ್ಲಿಲ್ಲ."

"ಗೊತ್ತು," ಎಂದರು ಮನ್ಸೂರ್.

ಅವರು ಊರುಗೋಲನ್ನು ಕುರ್ಚಿಗೆ ಒರಗಿಸಿ, ಕೈಯೂರಿ ನಿಧಾನವಾಗಿ ನೆಲಕ್ಕೆ ಇಳಿದರು. ರಟ್ಟಿನ ಹಾಳೆಯ ಮೇಲೆ ಬೆನ್ನು ಹಾಕಿ ಕಾರಿನ ಕೆಳಗೆ ಜರುಗಿದರು.

"ಅಪ್ಪಾ, ಏನು ಮಾಡ್ತಿದೀರಿ? ಎದ್ದೇಳಿ, ಎಣ್ಣೆ ಇದೆ ಅಲ್ಲಿ."

"ನಿನಗೆ ತಳ್ಳೋಕೆ ಒಂದು ಕಾಲು ಬೇಕಲ್ಲ? ಒಂದಿದೆ. ಹೋಗು, ಮೇಲಿಂದ ಹಿಡ್ಕೋ."

"ಬೇಡ ಅಪ್ಪಾ. ನಾಳೆನೇ ಹೋಗಿ ಆಟೋಮ್ಯಾಟಿಕ್ ತರ್ತೀನಿ. ಅಮ್ಮ ಮನೆಯಿಂದ ಓಡಿಸಿದ್ರೆ ಓಡಿಸ್ಲಿ."

"ಕೇಳಿಲ್ಲಿ." ಕಾರಿನ ಕೆಳಗಿನಿಂದ ಬಂದ ಆ ದನಿ ಬಸ್ಸಿನಲ್ಲಿ ಟಿಕೆಟ್ ಕೇಳಿದಷ್ಟು ಸಾದಾ ಆಗಿತ್ತು. "ಆ ದಿನ ಕಾಲುವೆ ಹತ್ರ ನನಗೆ ಎಚ್ಚರ ಆದಾಗ ಅವಳು ಡ್ಯಾಶ್‌ಬೋರ್ಡ್ ಹಿಡ್ಕೊಂಡು ಕೂತಿದ್ಲು. ಎಷ್ಟು ಹೇಳಿದ್ರೂ ಕೈ ಬಿಡಲಿಲ್ಲ. ಗದ್ದೆಯವರು ಬೆರಳು ಬಿಡಿಸಬೇಕಾಯ್ತು. ಆಮೇಲೂ ಪ್ರತಿ ಸಂಜೆ ನಾನು ಕೀಲಿ ಎತ್ಕೊಂಡ್ರೆ ಅವಳು ಗೇಟಿನ ಹತ್ರ ನಿಂತಿರ್ತಿದ್ಲು. ನಾನು ವಾಪಸ್ ಬರೋವರೆಗೂ ನಿಂತಿರ್ತಿದ್ಲು. ಅದನ್ನ ನೋಡ್ತಾನೇ ಹೋಗ್ತಿದ್ದೆ. ನಾನಾಗೇ ಬಿಡೋಕೆ ಆಗ್ತಿರಲಿಲ್ಲ ಮಗಾ. ಯಾರಾದ್ರೂ ಕಿತ್ಕೊಳ್ಳಲೇಬೇಕಿತ್ತು... ಹಿಡಿದ್ಯಾ?"

ಶಹ್ರಿಲ್ ಕಣ್ಣೊರೆಸಿಕೊಂಡು ಬಾನೆಟ್‌ನೊಳಗೆ ಬಗ್ಗಿ ಗೇರ್‌ಬಾಕ್ಸನ್ನು ತಬ್ಬಿ ಹಿಡಿದ. ಕೆಳಗೆ ಮಾವನ ಬರಿಗಾಲು ಆ ಕಬ್ಬಿಣದ ಮುದ್ದೆಯನ್ನು ಒತ್ತಿತು. "ಸ್ವಲ್ಪ ಎತ್ತು... ಎಡಕ್ಕೆ... ಈಗ," ಎಂದರು. ಕಡ್ಡಿ ಹಲ್ಲು ಹಲ್ಲಿಗೆ ಕೂಡಿಕೊಂಡು ಮೆತ್ತಗೆ ಒಳಗೆ ಜಾರಿತು. ಶಹ್ರಿಲ್ ಮೇಲಿನ ಬೋಲ್ಟ್ ಹಾಕಿ ಬಿಗಿದ.

ತಲೆಯೆತ್ತಿದಾಗ ಜಾಲರಿ ಬಾಗಿಲಿನಲ್ಲಿ ಕಲ್ಸೋಮ್ ಇದ್ದಳು. ಅವಳ ಹಿಂದೆ ಸಲ್ವಾನಿ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಕಲ್ಸೋಮ್ ಮೆಟ್ಟಿಲಿಳಿದು ಬಂದು, ಕಾರಿನ ಪಕ್ಕ ಎಣ್ಣೆಯ ನೆಲದ ಮೇಲೆ ಕುಳಿತು, ಜರುಗಿ ಹೊರಬಂದ ಗಂಡನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತಲೆವಸ್ತ್ರದ ತುದಿಯಿಂದ ಒರೆಸತೊಡಗಿದಳು. "ಗಾಯ ಆಗಿದೆಯಾ ನೋಡೋಣ," ಎಂದಳು. "ಇದಕ್ಕೂ ಏನಾದ್ರೂ ಆದ್ರೆ..." ಅಳಿಯನ ಕಡೆ ನೋಡದೆಯೇ, "ನಿನ್ನ ಬೆರಳಿಗೂ ಔಷಧಿ ಹಚ್ಕೋ," ಎಂದಳು. ಸಲ್ವಾನಿ ಒಳಗಿನಿಂದ ಅರಿಶಿನದ ಮುಲಾಮು ತಂದು, ಗಂಡನ ಕೈ ಹಿಡಿದು ತಾನೇ ಹಚ್ಚಿದಳು.

ಕಾರು ಸಿದ್ಧವಾದ ಸಂಜೆ ಎಲ್ಲರೂ ಕುವಾಲಾ ಕುರಾವ್‌ಗೆ ಹೊರಟರು. ತಾಯಿ ಮಗಳು ಹಿಂದೆ, ಶಹ್ರಿಲ್ ಸ್ಟೀರಿಂಗ್ ಹಿಂದೆ, ಮನ್ಸೂರ್ ಅವನ ಎಡಕ್ಕೆ, ಗಾಳವನ್ನು ಕಿಟಕಿಯಿಂದ ಹೊರಚಾಚಿ.

"ದಿನಾ ಕರ್ಕೊಂಡು ಬರ್ತೀನಿ ಅಪ್ಪಾ," ಎಂದ ಶಹ್ರಿಲ್.

"ದಿನಾ ಆಗಲ್ಲ. ನಿನಗೆ ಕೆಲಸ ಇದೆ. ಬಿಡುವಿದ್ದಾಗ ಬಾ."

ಗೇಟಿನಲ್ಲೇ ಎಂಜಿನ್ ಆಫ್ ಆಯಿತು. ತಿರುವಿನಲ್ಲಿ ಇನ್ನೊಮ್ಮೆ. ಕಾರ್ಖಾನೆಗೆ ಗೇರಿಲ್ಲದ ಸ್ಕೂಟರಿನಲ್ಲಿ ಓಡಾಡುವ ಶಹ್ರಿಲ್‌ಗೆ ಕ್ಲಚ್ಚಿನ ರೂಢಿ ತಪ್ಪಿ ವರ್ಷಗಳಾಗಿದ್ದವು. ಕಾರು ಜಗ್ಗಿದಾಗೆಲ್ಲ ಹಿಂದಿನಿಂದ ಕಲ್ಸೋಮ್ "ಅಲ್ಲಾಹ್" ಎನ್ನುತ್ತಿದ್ದಳು. ಮನ್ಸೂರ್ ರಸ್ತೆ ನೋಡುತ್ತಿದ್ದರು.

ಗದ್ದೆಯ ನೇರ ದಾರಿಯಲ್ಲಿ ಎಂಜಿನ್ನಿನ ಸದ್ದು ಏರತೊಡಗಿತು. ಆಗ ಶಹ್ರಿಲ್‌ನ ಕಣ್ಣಂಚಿಗೆ ಅದು ಬಿತ್ತು. ಮಾವನ ಲುಂಗಿಯ ಎಡಭಾಗ, ಕೆಳಗೆ ಏನೂ ಇಲ್ಲದ ಕಡೆ, ಬಸ್ಸಿನ ಕ್ಲಚ್ ಒತ್ತುವ ಹಾಗೆ ಮೆಲ್ಲಗೆ ಒಮ್ಮೆ ಮುಂದಕ್ಕೆ ಒತ್ತಿತು. ಒಂದು ಕ್ಷಣ ತಡೆದು ಹಿಂದಕ್ಕೆ ಬಂತು. ಮುದುಕನಿಗೆ ಅದು ಗೊತ್ತಿರಲಿಲ್ಲ. ಅವರ ಕಣ್ಣು ದೂರದ ಸಮುದ್ರದ ಕಡೆಗಿತ್ತು.

ಮುಂದಿನ ಗೇರಿಗೆ ಶಹ್ರಿಲ್ ಕಾದ. ಲುಂಗಿ ಅಲುಗಿತು. ಅದರ ಜೊತೆಗೇ ಅವನು ಕ್ಲಚ್ ಒತ್ತಿದ, ಅದರ ಜೊತೆಗೇ ಬಿಟ್ಟ. ಕಾರು ಜಗ್ಗಲಿಲ್ಲ. ಹಿಂದಿನ ಸೀಟಿನಲ್ಲಿ ಕಲ್ಸೋಮ್ ಕಿಟಕಿಗೆ ತಲೆಯೊರಗಿಸಿ ನಿದ್ದೆಹೋದಳು.