ಬ್ಯಾಟರಿ ದೋಣಿಯಲ್ಲಿ ಅಪ್ಪನ ಎಡೆ

ಪೆಟ್ರೋಲು ಮತ್ತು ಒದ್ದೆ ಹಗ್ಗ: ಚಿಕ್ಕಂದಿನಲ್ಲಿ ಅಪ್ಪನ ಮೈಯಿಂದ ಬರುತ್ತಿದ್ದ ವಾಸನೆ ಅದು. ಅವರು ಹಲಸೂರು ಕೆರೆಯಲ್ಲಿ ಮೋಟಾರು ದೋಣಿ ನಡೆಸುತ್ತಿದ್ದರು, ಅಲ್ಲೇ ಮುಳುಗಿ ತೀರಿಹೋದರು. ಮಹಾಲಯ ಅಮಾವಾಸ್ಯೆಗೆ ನಡುಗಡ್ಡೆಯಲ್ಲಿ ಅವರಿಗೆ ಎಡೆ ಇಡಲು ಈಗ ಉಳಿದಿರುವವಳು ನಾನೊಬ್ಬಳೇ.

ಈ ವರ್ಷ ದೋಣಿಗೆ ಹೊಸದಾಗಿ ಬ್ಯಾಟರಿ ಮೋಟಾರು ಹಾಕಿದ್ದರು.

“ಸದ್ದೇ ಬರಲ್ಲ ಅಜ್ಜಿ, ನಿದ್ದೆ ಮಾಡ್ಬಿಡ್ತೀರ ನೋಡಿ,” ಎಂದು ನಗುತ್ತಾ ದೋಣಿ ನಡೆಸುವ ಹುಡುಗ ಸುಗತ ಮೋಟಾರಿನ ಹಿಡಿ ತಿರುಗಿಸಿದ.

ಗಾಳಿ ಇರಲಿಲ್ಲ. ದೋಣಿ ನೇರವಾಗಿ ನಡುಗಡ್ಡೆಗೆ ಸಾಗಿತು. ಮಧ್ಯಾಹ್ನದ ಬಿಸಿಲಲ್ಲೂ ನನ್ನ ಪಕ್ಕದ ಹಲಗೆ ಒದ್ದೆಯಾಗಿ ತಣ್ಣಗಿತ್ತು. ಪೆಟ್ರೋಲಿನ ವಾಸನೆ ಬಂತು.

ಎಡೆ ಇಟ್ಟು ತಿರುಗಿದರೆ, ಸುಗತ ಮೋಟಾರಿನ ವೈರು ಹಿಡಿದು ನಿಂತಿದ್ದ.

“ಬ್ಯಾಟರಿ ದಡದಲ್ಲೇ ಚಾರ್ಜಿಗಿಟ್ಟು ಬಂದ್ಬಿಟ್ಟಿದೀನಿ ಅಜ್ಜಿ.”

“ಮತ್ತೆ ಇಲ್ಲಿವರೆಗೆ ಬಂದಿದ್ದು ಹೇಗಪ್ಪಾ?”

ಅವನು ತನ್ನ ಊಟದ ಡಬ್ಬಿ ತೆರೆದು, ಎಡೆಯ ಪಕ್ಕದಲ್ಲಿಡಲು ಮೆಲ್ಲಗೆ ನನ್ನ ಕೈಗೆ ಕೊಟ್ಟ.