ಅವಳು ಹಾಕದ ಸಹಿ

"ಸಹಿ ಹಾಕಿ, ಮೇಡಂ."

ಪರೀಕ್ಷಾಕೊಠಡಿಯ ಬಾಗಿಲಲ್ಲಿ ನಿಂತು ಅವನು ಹಾಗೆಂದಾಗ ಅವಳು ಥಟ್ಟನೆ ತಲೆಯೆತ್ತಿದಳು. ಮೇಡಂ...? ಚಿಪ್‌ಗಳ ವಿನ್ಯಾಸವನ್ನು ಅಳೆದು ನೋಡಿ ಒಪ್ಪಿಗೆ ಕೊಡುವುದು ಅವಳ ಕೆಲಸ; ಮೊದಲ ಭೇಟಿಯಲ್ಲೇ ಅವನ ವಿನ್ಯಾಸವೊಂದನ್ನು ಅವಳು ತಿರಸ್ಕರಿಸಿದ್ದಳು. ಅಂದಿನಿಂದ ಅವನ ಬಾಯಲ್ಲಿ ಅವಳು 'ತಕ್ಕಡಿ'. ಅವರಿಬ್ಬರ ಮದುವೆ ಗೊತ್ತಾದ ಮೇಲೂ ಅದೇ ಹೆಸರು.

ಅವನು ರೂಪಿಸಿದ ಪ್ರೊಸೆಸರ್ ಇನ್ನೂ ಹುಟ್ಟಿರಲಿಲ್ಲ. ಹುಟ್ಟುವ ಮುನ್ನವೇ ಅದರ ವೇಗವನ್ನು ಅಳೆಯಲು, ಎಮ್ಯುಲೇಟರ್ ಎಂಬ ಯಂತ್ರವು ಅದರ ವೇಷ ಧರಿಸಿ, ಅದರಂತೆಯೇ, ಆದರೆ ನೂರು ಪಟ್ಟು ನಿಧಾನವಾಗಿ ನಡೆಯುತ್ತಿತ್ತು. ಫಲಿತಾಂಶ ಅಮೋಘವಾಗಿತ್ತು. ಅವಳ ಸಹಿ ಬಿದ್ದರೆ ವಿನ್ಯಾಸ ಕಾರ್ಖಾನೆಗೆ, ಆಮೇಲೆ ತಿದ್ದುವಂತಿರಲಿಲ್ಲ.

ಅವಳು ಒಪ್ಪಲಿಲ್ಲ. ಪ್ರೊಸೆಸರನ್ನು ನಿಧಾನಗೊಳಿಸಿದ ಅವನ ತಂಡ, ಜೊತೆಗಿರುವ ಮೆಮೊರಿಯನ್ನು ಅದರ ಸಹಜ ವೇಗದಲ್ಲೇ ಬಿಟ್ಟಿತ್ತು.

"ಆಮೆ ಮೇಲೆ ಕೂತೋರಿಗೆ ಸೈಕಲ್ಲೂ ಬಿರುಗಾಳಿನೇ. ನಿನ್ನ ಪ್ರೊಸೆಸರ್ ಇಲ್ಲಿ ಮೆಮೊರಿಗೆ ಕಾಯ್ತಾನೇ ಇಲ್ಲ. ನಿಜವಾದ ಮೆಷಿನ್‌ನಲ್ಲಿ ಕಾಯ್ಲೇಬೇಕು."

"ಎಲ್ಲರೂ ಒಪ್ಪಿದಾರೆ. ನಿನಗೊಬ್ಬಳಿಗೇ ನನ್ನ ಮೇಲೆ ನಂಬಿಕೆ ಇಲ್ಲ."

"ಹೆತ್ತವರಿಗೆ ಹೆಗ್ಗಣ ಮುದ್ದು..." ನಗಿಸಲೆಂದೇ ಆಡಿದ ಮಾತು. ಅವನು ನಗಲಿಲ್ಲ, ಹೊರಟುಹೋದ.

ಸಂಜೆ ಅವನ ತಾಯಿ ಫೋನ್ ಮಾಡಿ, ನಾಳೆ ಮನೆ ತುಂಬುವವಳಿಗೆ ಗಂಡನ ಏಳಿಗೆ ಬೇಡವೇ ಎಂದು ಕೇಳಿದರು. ಫೋನ್ ಇಟ್ಟು ಅವಳು ಮತ್ತೆ ಆ ಅಂಕಿಗಳ ಮುಂದೆ ಕುಳಿತಳು. ಒರೆಗಲ್ಲಿಗೆ ಚಿನ್ನದ ಮೇಲೆ ಮುನಿಸುಂಟೇ? ಆದರೆ ಉಜ್ಜಿಸಿಕೊಳ್ಳುವ ಚಿನ್ನಕ್ಕೆ ಇದನ್ನು ತಿಳಿಹೇಳುವವರು ಯಾರು? ಸಹಿ ಹಾಕಿದರೆ ಅವನ ಯಂತ್ರ ಸೋಲುತ್ತದೆ; ಹಾಕದಿದ್ದರೆ ಅವನೇ ತನ್ನವನಾಗಿ ಉಳಿಯುವುದಿಲ್ಲ...

ಮರುದಿನ ಅವಳು ಬರುವಷ್ಟರಲ್ಲಿ ಅವನು ಎಮ್ಯುಲೇಟರಿನ ಮುಂದೆ ಕುಳಿತಿದ್ದ. ಮೆಮೊರಿಯ ಉತ್ತರವನ್ನೂ ನೂರು ಪಟ್ಟು ತಡಮಾಡಿಸಿ ತಾನೇ ಮತ್ತೆ ಅಳೆದಿದ್ದ. ಪರದೆಯ ಮೇಲೆ ವೇಗ ಅರ್ಧಕ್ಕಿಳಿದಿತ್ತು.

"ಬರೀ ಕಾಯ್ತಾ ನಿಂತಿದೆ," ಎಂದ, ತಲೆಯೆತ್ತದೆ. "ಕಾರ್ಖಾನೆಗೆ ಬೇಡ ಅಂದುಬಿಟ್ಟೆ. ತಪ್ಪು ನಂದೇ ಅಂತ ಅಮ್ಮಂಗೂ ಹೇಳಿದೀನಿ."

ಅವಳ ಕಣ್ಣು ತುಂಬಿತು. "ನಾನೇ ತಪ್ಪಾಗಿರ್ಲಿ ಅಂತ ಬೇಡ್ಕೊಂಡಿದ್ದೆ ಕಣೋ."

ಅವನು ಪಕ್ಕದ ಕುರ್ಚಿಯನ್ನು ಅವಳಿಗಾಗಿ ಎಳೆದ. "ಹೆಗ್ಗಣಾನೇ. ಆದ್ರೂ ಬಿಡೋಕೆ ಮನಸ್ಸಿಲ್ಲ. ಸರಿ ಮಾಡೋವರೆಗೂ ಜೊತೆಗಿರ್ತೀಯಾ, ತಕ್ಕಡಿ?"

ಆ ಹೆಸರು ಕೇಳಿ ಅವಳು ಕುಳಿತಳು. "ಇರ್ತೀನಿ. ಸಹಿ ಮಾತ್ರ ಕೇಳ್ಬೇಡ."

"ಮದುವೆ ದಿನಾನೂ?"

"ಅವತ್ತು ಹಾಕ್ತೀನಿ," ಎಂದಳು ಮೆಲ್ಲಗೆ. "ಅದೊಂದನ್ನ ಅಳೆಯದೇ ಹಾಕ್ತೀನಿ."