ಎರಡನೇ ಸೀಸೆ

“ಯಾಕಕ್ಕ, ಚಪ್ಪಲಿನೂ ಬಿಡದೆ ನಿಂತುಬಿಟ್ಟೆ?”

ಓರಗಿತ್ತಿ ಹಾಗೆ ಕೇಳಿದಾಗ ಹಿರಿಸೊಸೆ ಇನ್ನೂ ಹೊಸ್ತಿಲು ದಾಟಿರಲಿಲ್ಲ. ನಿನ್ನೆ ಇದೇ ಬಾಗಿಲಲ್ಲಿ ನಿಂತು, “ಮಗು ಚೆನ್ನಾಗಿದೆ ಕಣೇ, ಸುಮ್ಮನೆ ಹೆದರ್ಕೋಬೇಡ” ಎಂದಿದ್ದವಳು ಈ ಹಿರಿಯವಳೇ. ಹಿಂದಿನ ಬಸಿರು ಕೈತಪ್ಪಿದ ಮೇಲೆ ನಗುವನ್ನೇ ಮರೆತಿದ್ದ ಕಿರಿಯವಳು ಆ ಮಾತಿಗೆ ಅವಳ ಕೊರಳು ತಬ್ಬಿ, ಅಳುತ್ತಲೇ ನಕ್ಕಿದ್ದಳು...

ಹಿರಿಸೊಸೆಯ ಕೆಲಸ ಲ್ಯಾಬಿನಲ್ಲಿ. ಗರ್ಭದ ನೀರಿನಲ್ಲಿರುವ ಮಗುವಿನ ಜೀವಕೋಶಗಳನ್ನು ಎರಡು ಬೇರೆ ಬೇರೆ ಸೀಸೆಗಳಲ್ಲಿ ಬೆಳೆಸಿ, ಎರಡನ್ನೂ ನೋಡಿದ ಮೇಲೆಯೇ ಬಾಯಿ ಬಿಡಬೇಕು. ಹೊಸಬರಿಗೆ ಇದನ್ನು ಕಿವಿ ಹಿಂಡಿ ಕಲಿಸುವವಳೂ ಅವಳೇ! ಓರಗಿತ್ತಿಯ ಗರ್ಭದ ನೀರೇ ಪರೀಕ್ಷೆಗೆ ಬಂದಾಗ ಆ ಬುದ್ಧಿ ಎಲ್ಲಿಗೆ ಹೋಗಿತ್ತೋ. ಮೊದಲ ಸೀಸೆಯ ಕೋಶಗಳು ಸರಿಯಾಗಿ ಕಂಡದ್ದೇ ತಡ, ಮನೆಗೆ ಓಡಿಬಂದಿದ್ದಳು. ಇವತ್ತು ನೋಡಿದರೆ ಎರಡನೆಯದರ ಕೆಲವು ಕೋಶಗಳಲ್ಲಿ ಒಂದು ವರ್ಣತಂತು ಹೆಚ್ಚಿಗೆ ಇತ್ತು. ಇದು ಸೀಸೆಯಲ್ಲೇ ಆದ ಎಡವಟ್ಟಾಗಿರಲಿ ದೇವರೇ ಎಂದು ಬೇಡಿಕೊಳ್ಳುತ್ತ ಮೊದಲನೆಯದನ್ನು ಮತ್ತೆ ಜಾಲಾಡಿದಳು. ಅಲ್ಲೂ ಅಂಥ ಕೋಶಗಳಿದ್ದವು; ಎರಡರಲ್ಲೂ ಇದ್ದರೆ ಅದು ಮಗುವಿನದೇ. ನಿನ್ನೆ ಅವಳ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೇ.

“ನಾನು ಅವಸರ ಮಾಡಿಬಿಟ್ಟೆ ಕಣೇ... ಮಗುವಿನಲ್ಲಿ ಎರಡು ಥರದ ಕೋಶಗಳಿವೆ. ಕೆಲವು ಸರಿ ಇವೆ. ಕೆಲವು ಸರಿ ಇಲ್ಲ.”

ಒಳಗಿನಿಂದ ಬಂದ ಅತ್ತೆಯ ಬಾಯಿಗೆ ಬೀಗ ಎಲ್ಲಿಯದು?

“ನಿನ್ನೆ ಚೆನ್ನಾಗಿದ್ದ ಮಗು ಇವತ್ತು ಕೆಟ್ಟೋಯ್ತಾ? ನಿನ್ನ ಮಡಿಲು ತುಂಬಲಿಲ್ಲ ಅಂತ ಇವಳದ್ದನ್ನೂ ನೋಡೋಕಾಗಲ್ಲ ಅಲ್ವಾ ನಿನಗೆ?”

“ಅತ್ತೆ, ಹಾಗನ್ಬೇಡಿ...” ಅತ್ತೆಯ ಮಾತಿಗಿಂತ ಹೆಚ್ಚು ಸುಟ್ಟದ್ದು, ಕಿರಿಯವಳು ಅದನ್ನು ಅಲ್ಲಗಳೆಯದೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡದ್ದು. ನಿನ್ನೆಯ ಮಾತು ನಂಬಿದವಳು ಇವತ್ತಿನದನ್ನು ಹೇಗೆ ನಂಬಿಯಾಳು? ನಂಬದೆ ಡಾಕ್ಟರ ಬಳಿಗೇ ಹೋಗದಿದ್ದರೆ? ಹಿರಿಯವಳು ಆ ಬಾಗಿಲ ಹೊರಗೆ ನೆಲದ ಮೇಲೆ ಕೂತಳು.

ಎಷ್ಟೋ ಹೊತ್ತಿನ ಮೇಲೆ ಬಾಗಿಲು ತೆರೆಯಿತು.

“ಯಾವುದು ಜಾಸ್ತಿ ಇದೆ ಅಕ್ಕ? ಸರಿ ಇರೋದೋ, ಇಲ್ಲದ್ದೋ?”

“ಸೀಸೆಯಲ್ಲಿ ಸರಿ ಇರೋದೇ ಜಾಸ್ತಿ. ಆದರೆ ಮಗುವಿನ ಮೈಯಲ್ಲಿ ಎಲ್ಲೆಲ್ಲಿ ಏನಿದೆ ಅಂತ ಯಾರಿಗೂ ಹೇಳೋಕಾಗಲ್ಲ.”

ಕಿರಿಯವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

“ನಾಳೆ ಡಾಕ್ಟರ ಹತ್ತಿರ ನನ್ನ ಜೊತೆ ಬರ್ತೀಯಾ?”

“ಬರ್ತೀನಿ. ಬರದೆ ಇರ್ತೀನಾ?”

“ಬಾ. ಪಕ್ಕದಲ್ಲೇ ಕೂತ್ಕೋ, ಕೈ ಹಿಡ್ಕೋ... ಆದರೆ ಇನ್ಮೇಲೆ ನೀನು ಮಾತ್ರ ನನಗೆ ಏನೂ ಹೇಳ್ಬೇಡ ಅಕ್ಕ.”